ನಿಮಗಿದು ಗೊತ್ತೆ? ಅಂಜುಬುರುಕ ಮೀನಿಗೂ ಧೈರ್ಯ ತುಂಬಬಹುದು!

ಮನೆಯೊಳಗಿನ ಕೊಳಕ್ಕೆ ಬಿಟ್ಟ ಅಪಿಸ್ಟೊಗ್ರಾಮಾ ಮೀನುಗಳು ಮೂಲೆ ಬಿಟ್ಟು ಬರುತ್ತಿಲ್ಲವೆ? ಪೆನ್ಸಿಲ್ ಮೀನುಗಳ ಪುಟ್ಟ ಗುಂಪನ್ನು ಜೊತೆಗೆ ಬಿಡಿ. ಅವು ಮೇಲ್ಭಾಗದಲ್ಲಿ ನಿರಾತಂಕವಾಗಿ ಈಜುತ್ತಿದ್ದರೆ, ಹತ್ತಿರದಲ್ಲಿ ಶತ್ರುಗಳಿಲ್ಲವೆಂದು ತಳದ ಮೀನುಗಳೂ ಬಯಲಿಗೆ ಬರುತ್ತವೆ. ಬೋಳು ತೊಟ್ಟಿ ಮಾತ್ರ ಅಪಿಸ್ಟೊಗ್ರಾಮಾಗಳಿಗೆ ಸಲ್ಲದು. ಈ ಜಾತಿಯ ಹಲವು ಮೀನುಗಳ ತವರು ದಕ್ಷಿಣ ಅಮೆರಿಕದ ರಿಯೋ ನೀಗ್ರೋ ನದಿ ಸೀಮೆ. ಕೊಳೆತ ಎಲೆಗಳ ಸಾರ ಇಳಿದು ಅಲ್ಲಿನ ನೀರು ಹಾಲು ಹಾಕದ ಚಹಾದಂತೆ ಕಂದು. ನಮ್ಮ ಬೀದಿಬದಿಯ ಕಾಡುಬಾದಾಮಿಯ ಒಣಗಿ ಉದುರಿದ ಎಲೆಗಳನ್ನು ತೊಳೆದು ಹಾಕಿದರೆ ಅದೇ ಬಣ್ಣ ಬರುತ್ತದೆ, ಮರಿಗಳಿಗೆ ಅಡಗುತಾಣವೂ ಆಯಿತು. ನೆರಳಿಗೆ ಅಂತರಗಂಗೆ ತೇಲಿಬಿಡಿ. ಹೆಚ್ಚಾದದ್ದನ್ನು ದಯವಿಟ್ಟು ಕೆರೆಗೆ ಎಸೆಯಬೇಡಿ. ಇಂಥ ಕೊಳ ಇಡುವ ಮುನ್ನ ಮಹಡಿ ಮನೆಯವರು ಅದರ ಭಾರವನ್ನೂ ಗಮನಿಸಿ: 300 ಲೀಟರ್ ನೀರೊಂದೇ 300 ಕಿಲೋ ತೂಗುತ್ತದೆ.