ಪಿಎಚ್.ಡಿ.ಗೂ ಬೇಕು ಪಿಗ್ಮಿ!

ಮೈಸೂರು: ಸಿಟಿ ಬಸ್ ಸ್ಟ್ಯಾಂಡಿನಿಂದ ಮಾನಸಗಂಗೋತ್ರಿ ಕಡೆಗೆ ಬಸ್ಸು ಹತ್ತುವವರಲ್ಲಿ ಎಲ್ಲರೂ ಎಳೆಯರಲ್ಲ. ಎಂ.ಎ., ಎಂ.ಎಸ್ಸಿ. ಮುಗಿಸಿ ವರ್ಷಗಳಾದವರೂ ಇದ್ದಾರೆ. ಬ್ಯಾಗಿನಲ್ಲಿ ಲ್ಯಾಪ್‌ಟಾಪು, ಕೈಯಲ್ಲಿ ಟಿಫನ್ ಡಬ್ಬಿ, ತಲೆಯಲ್ಲಿ ಥೀಸಿಸ್ಸು. ಇವರೇ ಪಿಎಚ್.ಡಿ. ಸಂಶೋಧನಾರ್ಥಿಗಳು. ಹಬ್ಬಕ್ಕೆ ಊರಿಗೆ ಹೋದರೆ ದೊಡ್ಡಮ್ಮ, ಚಿಕ್ಕಪ್ಪ ಎಲ್ಲರದ್ದೂ ಒಂದೇ ಪ್ರಶ್ನೆ: ‘ಏನ್ ಮಗಾ, ಇನ್ನೂ ಮುಗೀಲಿಲ್ವಾ ನಿನ್ ಓದು?’

ಓದಿಗೇನೂ ಕಮ್ಮಿಯಿಲ್ಲ ಸ್ವಾಮಿ. ನಿಂತಿರುವುದು ಬರವಣಿಗೆ!

ಗಡಿಯಾರ ಓಡುತ್ತಿದೆ

ಯುಜಿಸಿ 2022ರಲ್ಲಿ ತಂದ ನಿಯಮದ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೆರಡು ವರ್ಷದವರೆಗೆ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಉಳ್ಳವರಿಗೆ ಅದರ ಮೇಲೆ ಮತ್ತೆರಡು ವರ್ಷ ರಿಯಾಯಿತಿ ಉಂಟು.

ದುಡ್ಡಿನ ಲೆಕ್ಕವೇ ಬೇರೆ. ಜೆಆರ್‌ಎಫ್ ಪಾಸಾದವರಿಗೆ 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ. ಅದೂ ಒಟ್ಟು 5 ವರ್ಷ ಮಾತ್ರ. ಥೀಸಿಸ್ಸು ಆರನೇ ವರ್ಷಕ್ಕೆ ಎಳೆಯಿತೋ, ಕೈಯಿಂದಲೇ ಖರ್ಚು. ಫೆಲೋಶಿಪ್ಪೇ ಇಲ್ಲದವರ ಪಾಡಂತೂ ಕೇಳಬೇಡಿ. ಬೆಳಿಗ್ಗೆ ಅತಿಥಿ ಉಪನ್ಯಾಸಕ, ಸಂಜೆ ಟ್ಯೂಷನ್ನು, ರಾತ್ರಿ ಹತ್ತಕ್ಕೆ ಸಂಶೋಧಕ!

ಯಾಕೆ ಬರೆಯೋದಿಲ್ಲ?

ಸೋಮಾರಿತನ ಅನ್ನೋದು ಸುಲಭ. ಆದರೆ ಕಾರಣ ಬೇರೆಯೇ ಇದೆ. ‘ಇನ್ನೊಂದು ಪುಸ್ತಕ ಓದಿಬಿಡ್ತೀನಿ, ಆಮೇಲೆ ಶುರು ಮಾಡ್ತೀನಿ’ ಎಂಬುದು ಮೊದಲನೆಯದು. ‘ರಜ ಬರಲಿ, ಒಟ್ಟಿಗೆ ಕೂತು ಬರೀತೀನಿ’ ಎಂಬುದು ಎರಡನೆಯದು. ಗೈಡಿನ ಕೆಂಪು ಶಾಯಿಯ ಭಯ ಮೂರನೆಯದು. ಮೊದಲ ಸಾಲೇ ಚಿನ್ನದಂತೆ ಇರಬೇಕು ಅಂತ ಅದನ್ನೇ ಹತ್ತು ಸಲ ತಿದ್ದುತ್ತ ಕೂತರೆ ಎರಡನೇ ಸಾಲು ಬರುವುದು ಯಾವಾಗ?

ಕೊನೆಗೆ ಗಡುವು ಬಾಗಿಲಿಗೆ ಬರುತ್ತದೆ. ಆಗ ನಿದ್ದೆಗೆಟ್ಟು ಬರೆಯುವುದು, ಅವರಿವರ ಪುಸ್ತಕದಿಂದ ಎತ್ತುವುದು. ಅದಕ್ಕೂ ಈಗ ಕಂಪ್ಯೂಟರಿನ ಕಾವಲಿದೆ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ. 10 ದಾಟಿದರೆ ವಾಪಸು ತಿದ್ದಿ ಕೊಡಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದು. ಐದಾರು ವರ್ಷದ ದುಡಿಮೆ ನೀರಿನಲ್ಲಿ ಹೋಮ!

ಅಂಗಡಿಯವರ ಲೆಕ್ಕ

ಇದಕ್ಕೆ ಮದ್ದು ಎಲ್ಲಿದೆ? ಅಂಗಡಿ ಗಲ್ಲಾದ ಪಕ್ಕದಲ್ಲೇ ಇದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಕರಾವಳಿಯಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ದಿನಕ್ಕೆ ಎರಡಾಣೆಯಿಂದಲೂ ಕಟ್ಟಬಹುದಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ಅಂಗಡಿ ಸಾಲಿನಲ್ಲಿ ಉಳಿಯಿತು. ದೊಡ್ಡ ಗಂಟು ಸಿಕ್ಕಾಗ ಕಟ್ಟುತ್ತೇನೆ ಎಂದವನ ಪುಸ್ತಕ ಖಾಲಿ. ದಿನಾ ಇಷ್ಟಿಷ್ಟು ಕಟ್ಟಿದವನ ಮಗಳ ಮದುವೆ ಸಲೀಸು.

ಬರವಣಿಗೆಯದೂ ಇದೇ ಲೆಕ್ಕ. ದಿನಕ್ಕೆ ಅರ್ಧ ಪುಟ, ವಾರಕ್ಕೆ ಐದು ದಿನ, ವರ್ಷಕ್ಕೆ 40 ವಾರ ಎಂದರೂ 100 ಪುಟ! ಭಾನುವಾರದ ರಜವೂ ಉಂಟು, ಮಕ್ಕಳ ಜ್ವರಕ್ಕೂ ಬಿಡುವುಂಟು.

ಅಮೆರಿಕದ ಮನಃಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1989ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಪುರುಸೊತ್ತು ಸಿಕ್ಕಾಗ ಬರೆಯುತ್ತಿದ್ದ ಅಧ್ಯಾಪಕರು ವರ್ಷಕ್ಕೆ ಸರಾಸರಿ 17 ಪುಟ ಬರೆದರು. ದಿನವೂ ಬರೆದು ಲೆಕ್ಕ ಇಟ್ಟವರು 64 ಪುಟ. ದಿನವೂ ಬರೆದು, ಆ ಲೆಕ್ಕವನ್ನು ಇನ್ನೊಬ್ಬರಿಗೆ ಒಪ್ಪಿಸಿದವರು 157 ಪುಟ! ಅದು ಚಿಕ್ಕ ಗುಂಪಿನ ಅಧ್ಯಯನ, ನಿಜ. ಆದರೂ ಪಿಗ್ಮಿ ಏಜೆಂಟು ದಿನಾ ಬಾಗಿಲಿಗೆ ಬರುವುದರ ಗುಟ್ಟು ಇದರಲ್ಲಿದೆ. ಕೇಳುವವರಿದ್ದರೆ ಕಟ್ಟುತ್ತೇವೆ.

ಯಾರು ಕೇಳಬೇಕು?

ಈಗಿನ ನಿಯಮದಲ್ಲಿ ಸಂಶೋಧನಾರ್ಥಿ ಪ್ರತಿ ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಒಪ್ಪಿಸಬೇಕು. ಆರು ತಿಂಗಳಿಗೊಮ್ಮೆ ಬರುವ ಪಿಗ್ಮಿ ಏಜೆಂಟು ಯಾರಿಗೆ ಬೇಕು?

ವಿಶ್ವವಿದ್ಯಾನಿಲಯಗಳು ಕೋಟಿ ರೂಪಾಯಿ ಖರ್ಚು ಮಾಡಬೇಕಿಲ್ಲ. ಲೈಬ್ರರಿಯ ಒಂದು ರೂಮು, ಬೆಳಿಗ್ಗೆ ಎರಡು ತಾಸು, ಮೊಬೈಲು ಬಂದ್. ನಾಲ್ಕೈದು ಜನ ಒಟ್ಟಿಗೆ ಕೂತು ಮೌನವಾಗಿ ಬರೆಯಲಿ. ವಾರಕ್ಕೊಮ್ಮೆ ಒಬ್ಬರ ಹಾಳೆ ಇನ್ನೊಬ್ಬರು ಓದಲಿ. ಗೈಡುಗಳು ಕೊಟ್ಟ ಅಧ್ಯಾಯವನ್ನು ತಿಂಗಳೊಳಗೆ ನೋಡಿ ಕೊಡಲಿ, ಕಚ್ಚಾ ಬರಹವನ್ನು ಕಚ್ಚಾ ಅಂತಲೇ ಓದಲಿ. ಸ್ಕಾಟ್ಲೆಂಡಿನಲ್ಲಿ ರೋವೆನಾ ಮರ್ರೆ ಎಂಬ ಪ್ರೊಫೆಸರು ಇಂಥ ಸಾಮೂಹಿಕ ಬರವಣಿಗೆ ಶಿಬಿರಗಳನ್ನು ನಡೆಸಿ ಹೆಸರಾಗಿದ್ದಾರೆ. ಅಲ್ಲಿ ಆಗುವುದು ಇಲ್ಲಿ ಯಾಕಾಗದು?

ಫೆಲೋಶಿಪ್ಪಿನ ದುಡ್ಡು ಜನರ ತೆರಿಗೆಯದು. ಅರ್ಧಕ್ಕೆ ನಿಂತ ಒಂದೊಂದು ಥೀಸಿಸ್ಸಿನಲ್ಲಿ ಆ ದುಡ್ಡೂ ಮುಳುಗುತ್ತದೆ, ಒಂದು ಮನೆಯ ಆಸೆಯೂ ಮುಳುಗುತ್ತದೆ. ಕುಲಪತಿಗಳು, ವಿಭಾಗದ ಮುಖ್ಯಸ್ಥರು ಒಂದು ರೂಮಿನ ಬೀಗ ತೆಗೆಸುವರೇ?