ಒಂಟೆಯ ದಾರಿಗೆ ಎರಡು ದೀಪ

ಹಬ್ಬದ ರಜೆಯಲ್ಲಿ ಒಮಾನಿನ ವಹೀಬಾ ಮರಳುಗಾಡಿಗೆ ಹೊರಡುವ ಬಾಂಧವರೇ, ರಾತ್ರಿ ಆ ದಾರಿಯಲ್ಲಿ ಅಡ್ಡ ಬರುವ ಒಂಟೆ ದೊಡ್ಡ ಅಪಾಯ. ಕಾರು ಅದರ ಕಾಲಿಗೆ ಬಡಿಯುತ್ತದೆ. ಮೈಭಾರವೆಲ್ಲ ಗಾಜು, ಚಾವಣಿಯ ಮೇಲೆ ಬೀಳುತ್ತದೆ. ಹಾಗೆ ಕತ್ತಿನ ಮೂಳೆ ಮುರಿದುಕೊಂಡು ಬಂದವರನ್ನು ನೋಡಿದ ಮೇಲೆ, ನನ್ನ ಹಳೆಯ ಜೀಪಿಗೆ ಎರಡು ಹೆಚ್ಚುವರಿ ದೀಪಗಳನ್ನು ನಾನೇ ಕೂರಿಸಿದೆ.

ಕಬ್ಬಿಣದ ಪಟ್ಟಿಗೆ ತೂತು ಕೊರೆದು ಬಂಪರಿಗೆ ಬಿಗಿದೆ. ಚಾವಣಿಯ ಮೇಲಿಟ್ಟರೆ ಬಾನೆಟ್ಟಿನ ಹೊಳಪು ಕಣ್ಣಿಗೆ ಹೊಡೆಯುತ್ತದೆ. 55 ವ್ಯಾಟಿನ ಎರಡು ಹ್ಯಾಲೊಜೆನ್ ದೀಪಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಅಷ್ಟನ್ನೂ ಪುಟ್ಟ ಸ್ವಿಚ್ಚಿನಲ್ಲಿ ಹರಿಸಬಾರದು. ಮಧ್ಯೆ ರಿಲೇ ಬೇಕು. ಮಿದುಳು ಅಪ್ಪಣೆ ಕೊಟ್ಟರೆ ಸ್ನಾಯು ಭಾರ ಎತ್ತುವಂತೆ, ಸ್ವಿಚ್ಚು ಹೇಳುತ್ತದೆ, ರಿಲೇ ಹೊರುತ್ತದೆ. 15 ಆಂಪಿಯರಿನ ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಲಿ. ದೂರವಿದ್ದರೆ ನಡುವಿನ ತಂತಿ ಸವೆದು ತಗಡಿಗೆ ತಾಗಿದಾಗ ಬೆಂಕಿ ಹೊತ್ತಿಕೊಳ್ಳಬಹುದು.

ಮೊದಲು ಸ್ಥಳೀಯ ವಾಹನ ನಿಯಮ ವಿಚಾರಿಸಿಕೊಳ್ಳಿ. ಡಾಂಬರು ರಸ್ತೆಗೆ ಬಂದೊಡನೆ ದೀಪ ಆರಿಸಿ, ಮುಚ್ಚಳ ಹಾಕಿ, ಎದುರಿನವರಿಗೂ ಕಣ್ಣಿದೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿ, ಒಂಟೆ ಕಂಡು ಬ್ರೇಕು ಒತ್ತುವ ಒಂದೂವರೆ ಸೆಕೆಂಡಿನಲ್ಲೇ ಗಾಡಿ 25 ಮೀಟರ್ ಸಾಗಿರುತ್ತದೆ. ದೀಪ ನಮಗೆ ಕೊಡುವುದು ಆ ದೂರವನ್ನು. ಬೆಳಕು ಹೆಚ್ಚಿತೆಂದು ವೇಗ ಹೆಚ್ಚಿಸಿದರೆ ಅದನ್ನು ನಾವೇ ಕಳೆದುಕೊಂಡಂತೆ.