ಸಿಸಿಟಿವಿ ಯೋಜನಾ ತಂತ್ರಾಂಶ ಏನು ಮಾಡುತ್ತದೆ? ಅದರ ಕಡತವನ್ನು ಕಾಪಾಡುವುದು ಹೇಗೆ?

ಕಟ್ಟಡದ ನಕ್ಷೆಯ ಮೇಲೆ ಕ್ಯಾಮೆರಾಗಳನ್ನು ಇರಿಸಿ, ಯಾವುದು ಎಷ್ಟು ದೂರ, ಎಷ್ಟು ಸ್ಪಷ್ಟವಾಗಿ ಕಾಣಬಲ್ಲದು ಎಂದು ಖರೀದಿಗೆ ಮೊದಲೇ ಲೆಕ್ಕ ಹಾಕುವುದು ಈ ತಂತ್ರಾಂಶದ ಕೆಲಸ. ಸೆನ್ಸರಿನ ಅಗಲವನ್ನು ಕ್ಯಾಮೆರಾದಿಂದ ದೃಶ್ಯಕ್ಕಿರುವ ದೂರದಿಂದ ಗುಣಿಸಿ ಲೆನ್ಸಿನ ಸಂಗಮದೂರದಿಂದ ಭಾಗಿಸಿದರೆ ದೃಶ್ಯದ ಅಗಲ ಸಿಗುತ್ತದೆ. ಆ ಅಗಲದಲ್ಲಿ ಮೀಟರಿಗೆ ಎಷ್ಟು ಪಿಕ್ಸೆಲ್ ಬೀಳುತ್ತದೆ ಎಂಬುದೇ ಮುಖ್ಯ. ಐಇಸಿ 62676-4 ಮಾನದಂಡದ 2014ರ ಆವೃತ್ತಿಯ ಪ್ರಕಾರ ಯಾರೋ ಇದ್ದಾರೆಂದು ತಿಳಿಯಲು 25 ಪಿಕ್ಸೆಲ್ ಸಾಕು. ಅಪರಿಚಿತನ ಗುರುತು ಹಿಡಿಯಲು 250 ಬೇಕು. ಹಾಗಾಗಿ 1920 ಪಿಕ್ಸೆಲ್ ಅಗಲದ ಕ್ಯಾಮೆರಾ ಗುರುತು ಹಿಡಿಸುವುದು ಸುಮಾರು 7.7 ಮೀಟರ್ ಅಗಲದ ದೃಶ್ಯದಲ್ಲಿ ಮಾತ್ರ. ಇಡೀ ಬೀದಿಯನ್ನು ಒಂದೇ ಕ್ಯಾಮೆರಾಕ್ಕೆ ಒಪ್ಪಿಸಿದರೆ ಕಳವಿನ ನಂತರ ಉಳಿಯುವುದು ಮಸುಕು ಮುಖ.

ಯೋಜನೆಯ ಕಡತದಲ್ಲಿ ಕ್ಯಾಮೆರಾ ಕಾಣದ ಮೂಲೆಗಳೂ ದಾಖಲಾಗಿರುತ್ತವೆ. ಕಳ್ಳನ ಕೈಗೆ ಸಿಕ್ಕರೆ ಅದೇ ದಾರಿ ತೋರಿಸುವ ನಕ್ಷೆ. ಆದ್ದರಿಂದ ಅದನ್ನು ಗೂಢಲಿಪೀಕರಿಸಿ ಪಾಸ್‌ವರ್ಡ್ ಹಾಕಿಡಬೇಕು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುವುದು ಸಲ್ಲದು. ಪ್ರತಿಗಳು ಮೂರು ಇರಲಿ, ಎರಡು ಬಗೆಯ ಮಾಧ್ಯಮಗಳಲ್ಲಿ, ಒಂದು ಬೇರೆ ಸ್ಥಳದಲ್ಲಿ. ದೊಡ್ಡ ಬದಲಾವಣೆಗೆ ಮುನ್ನ ದಿನಾಂಕ ಸೇರಿಸಿ ಹೊಸ ಹೆಸರಿನಲ್ಲಿ ಉಳಿಸಿದರೆ ಹಳೆಯದು ಅಳಿಯುವುದಿಲ್ಲ. ತಂತ್ರಾಂಶದ ಪರವಾನಗಿ ಮುಗಿದರೂ ಓದಲು ಸಿಗುವಂತೆ ಒಂದು ಪಿಡಿಎಫ್ ಪ್ರತಿಯೂ ಇರಬೇಕು. ಪ್ರತಿ ಸರಿಯಾಗಿ ತೆರೆಯುತ್ತದೆಯೇ ಎಂದು ಆಗಾಗ ಬೇರೊಂದು ಕಂಪ್ಯೂಟರಿನಲ್ಲಿ ಪರೀಕ್ಷಿಸಿ ನೋಡಬೇಕು.